ಕ್ರಿಸ್ಮಸ್ ರಾತ್ರಿ ದೊರೆತ ಶಾಂತಿ: ಕಿರುಪುಷ್ಪ ಸಂತ ತೆರೇಸಾ

ಆಗಮನ ಕಾಲದ ವಾರಗಳು ನಮ್ಮ ಮನೆಗಳಲ್ಲಿ ಹೇಗೆ ಸರಿದುಹೋಗುತ್ತವೆಂಬುದು ಎಲ್ಲರಿಗೂ ತಿಳಿದದ್ದೇ. ಗೋದಲಿ ಕಟ್ಟಬೇಕು, ನಕ್ಷತ್ರ ತೂಗಹಾಕಬೇಕು, ಹಬ್ಬದ ತಿಂಡಿತಿನಿಸು ಸಿದ್ಧವಾಗಬೇಕು, ಮಕ್ಕಳಿಗೆ ಹೊಸ ಬಟ್ಟೆ ತರಬೇಕು, ನೆಂಟರಿಷ್ಟರನ್ನು ಕರೆಯಬೇಕು. ನಡುರಾತ್ರಿಯ ಬಲಿಪೂಜೆ ಮುಗಿಸಿ ಮನೆಗೆ ಮರಳುವ ಹೊತ್ತಿಗೆ ಮೈ ಸೋತಿರುತ್ತದೆ, ಮನಸ್ಸು ದಣಿದಿರುತ್ತದೆ. ಆಗ ಯಾರ ಬಾಯಿಂದಲೋ ಜಾರಿದ ಒಂದು ಸಣ್ಣ ಮಾತು ಹಬ್ಬದ ಸಂತೋಷವನ್ನೆಲ್ಲ ಕೆಡಿಸಿಬಿಡುತ್ತದೆ. ಇಂತಹುದೇ ಒಂದು ರಾತ್ರಿ, ಇಂತಹುದೇ ಒಂದು ಮಾತು, ಫ್ರಾನ್ಸ್ ದೇಶದ ಬಾಲಕಿಯೊಬ್ಬಳ ಬಾಳನ್ನೇ ಬದಲಿಸಿತು. ಆಕೆಯೇ ಕಿರುಪುಷ್ಪವೆಂದು ಜಗತ್ತು ಕೊಂಡಾಡುವ ಬಾಲ ಯೇಸುವಿನ ಸಂತ ತೆರೇಸಾ.

ತೆರೇಸಾ ಹುಟ್ಟಿದ್ದು 1873ರ ಜನವರಿ 2ರಂದು, ಅಲನ್ಸೋನ್ ಪಟ್ಟಣದಲ್ಲಿ. ತಂದೆ ಲೂಯಿ ಮಾರ್ಟಿನ್ ಗಡಿಯಾರದ ಕುಶಲಕರ್ಮಿ. ತಾಯಿ ಜೆಲಿ ಕಸೂತಿ ಲೇಸಿನ ಉದ್ಯಮ ನಡೆಸುತ್ತಿದ್ದ ಗೃಹಿಣಿ. ಅವರ ಒಂಬತ್ತು ಮಕ್ಕಳಲ್ಲಿ ಉಳಿದವರು ಐವರು ಹೆಣ್ಣುಮಕ್ಕಳು. ಅವರಲ್ಲಿ ತೆರೇಸಾ ಕಿರಿಯವಳು, ಎಲ್ಲರ ಮುದ್ದಿನ ಕೂಸು. 1877ರ ಆಗಸ್ಟ್‌ನಲ್ಲಿ ತಾಯಿ ಕ್ಯಾನ್ಸರಿಗೆ ತುತ್ತಾದಾಗ ಆಕೆಗೆ ನಾಲ್ಕೂವರೆ ವರ್ಷ. ಕುಟುಂಬವು ಲಿಸ್ಯೂ ಪಟ್ಟಣಕ್ಕೆ ಬಂದು ನೆಲೆಸಿತು. ನಗುನಗುತ್ತಾ ಆಡಿಕೊಂಡಿದ್ದ ಮಗು ಅಂದಿನಿಂದ ಅಂಜುಬುರುಕಿಯಾಯಿತು.

ಅಕ್ಕ ಪೊಲೀನ್‌ಳನ್ನು ಆಕೆ ಎರಡನೆಯ ತಾಯಿಯೆಂದು ಆರಿಸಿಕೊಂಡಿದ್ದಳು. ಪೊಲೀನ್ 1882ರಲ್ಲಿ ಕಾರ್ಮೆಲ್ ಮಠವನ್ನು ಸೇರಿದಳು. ಮರುವರ್ಷ ತೆರೇಸಾ ಗಂಭೀರವಾಗಿ ಕಾಯಿಲೆ ಬಿದ್ದು, ಮಾತೆ ಮರಿಯಮ್ಮನವರ ಪ್ರತಿಮೆಯ ಮುಂದೆ ಪ್ರಾರ್ಥಿಸುತ್ತಿರುವಾಗ ಗುಣಹೊಂದಿದಳು. ಆದರೂ ಅಳು ನಿಲ್ಲಲಿಲ್ಲ. ಯಾರಾದರೂ ನೊಂದುಕೊಂಡರೆ ಅಳು. ಆ ಅಳುವಿನಿಂದ ಸಮಾಧಾನವಾದ ಮೇಲೆ, ಅತ್ತೆನಲ್ಲಾ ಎಂದು ಮತ್ತೆ ಅಳು. 1886ರ ಅಕ್ಟೋಬರಿನಲ್ಲಿ ಹಿರಿಯಕ್ಕ ಮರಿಯೂ ಮಠ ಸೇರಿದಾಗ ಮನೆ ಇನ್ನಷ್ಟು ಬರಿದಾಯಿತು.

ಆ ವರ್ಷದ ಕ್ರಿಸ್ಮಸ್ ಬಂತು. ತೆರೇಸಾಳಿಗೆ ಹದಿನಾಲ್ಕು ತುಂಬಲು ಕೆಲವೇ ದಿನಗಳಿದ್ದವು. ಅಗ್ಗಿಷ್ಟಿಕೆಯ ಬಳಿ ಮಕ್ಕಳ ಪಾದರಕ್ಷೆಗಳನ್ನಿಟ್ಟು ಅವುಗಳಲ್ಲಿ ಉಡುಗೊರೆ ತುಂಬುವುದು ಅಲ್ಲಿನ ವಾಡಿಕೆ. ತಂಗಿ ಇನ್ನೂ ಪುಟ್ಟವಳೆಂಬ ಮಮತೆಯಿಂದ ಅಕ್ಕ ಸೆಲೀನ್ ಆ ವಾಡಿಕೆಯನ್ನು ಬಿಟ್ಟಿರಲಿಲ್ಲ. ನಡುರಾತ್ರಿಯ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಿ ಎಲ್ಲರೂ ಮನೆಗೆ ಬಂದರು. ದಣಿದಿದ್ದ ತಂದೆಯ ಕಣ್ಣಿಗೆ ಆ ಪಾದರಕ್ಷೆಗಳು ಬಿದ್ದವು. ಸದ್ಯ, ಈ ಮಕ್ಕಳಾಟಕ್ಕೆ ಇದೇ ಕೊನೆಯ ವರ್ಷವೆಂದು ಅವರು ಬೇಸರದಿಂದ ನುಡಿದರು. ಟೋಪಿ ತೆಗೆದಿಡಲು ಮೆಟ್ಟಿಲೇರುತ್ತಿದ್ದ ಮಗಳ ಕಿವಿಗೆ ಆ ಮಾತು ಬಿತ್ತು.

ಕಣ್ಣು ತುಂಬಿ ಬಂತು. ಈಗಲೇ ಕೆಳಗಿಳಿಯಬೇಡವೆಂದು ಸೆಲೀನ್ ಬೇಡಿಕೊಂಡಳು. ಆದರೆ ತೆರೇಸಾ ಕಣ್ಣೀರನ್ನು ನುಂಗಿ, ಬಡಿದುಕೊಳ್ಳುವ ಎದೆಯನ್ನು ಹಿಡಿದು ಕೆಳಗೆ ಬಂದಳು; ಪಾದರಕ್ಷೆಗಳನ್ನು ತಂದೆಯ ಮುಂದಿಟ್ಟು ಒಂದೊಂದೇ ಉಡುಗೊರೆಯನ್ನು ಸಂಭ್ರಮದಿಂದ ಹೊರತೆಗೆದಳು. ತಂದೆಯ ಬೇಸರ ಕರಗಿ ನಗು ಮೂಡಿತು. ತಾನು ಕನಸು ಕಾಣುತ್ತಿರುವೆನೆಂದೇ ಸೆಲೀನ್ ಭಾವಿಸಿದಳು.

ಹೊರನೋಟಕ್ಕೆ ಇದು ಅಲ್ಪ ಸಂಗತಿ. ಆದರೆ ವರ್ಷಗಟ್ಟಲೆ ಪ್ರಯತ್ನಿಸಿಯೂ ತನ್ನಿಂದಾಗದಿದ್ದುದನ್ನು ಬಾಲ ಯೇಸು ಕ್ಷಣಮಾತ್ರದಲ್ಲಿ ಮಾಡಿದರೆಂದು ತೆರೇಸಾ ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದರು. ತಾಯಿಯೊಂದಿಗೆ ಕಳೆದುಹೋಗಿದ್ದ ಮನೋಬಲ ಆ ರಾತ್ರಿ ಮರಳಿತು. ತನ್ನನ್ನು ಮರೆತು ಇತರರನ್ನು ಸಂತೋಷಪಡಿಸುವ ಹಂಬಲ ಹೃದಯವನ್ನು ಹೊಕ್ಕಿತು. ಅಂದಿನಿಂದ ಆಕೆ ಸುಖಿಯಾದಳು. ಗಮನಿಸಬೇಕಾದುದು ಇದೇ: ತಂದೆಯ ಮಾತು ಬದಲಾಗಲಿಲ್ಲ, ಮನೆಯ ಪರಿಸ್ಥಿತಿಯೂ ಬದಲಾಗಲಿಲ್ಲ, ಬದಲಾದದ್ದು ಆಕೆಯ ಹೃದಯ.

1888ರ ಏಪ್ರಿಲ್ 9ರಂದು, ಹದಿನೈದನೆಯ ವಯಸ್ಸಿನಲ್ಲಿ, ತೆರೇಸಾ ಲಿಸ್ಯೂವಿನ ಕಾರ್ಮೆಲ್ ಮಠವನ್ನು ಪ್ರವೇಶಿಸಿದರು. ಮಠದಲ್ಲಿಯೂ ಕಿರಿಕಿರಿಗಳಿಗೆ ಕೊರತೆಯಿರಲಿಲ್ಲ. ಧ್ಯಾನದ ವೇಳೆ ಹಿಂದೆ ಕುಳಿತ ಭಗಿನಿಯೊಬ್ಬರು ವಿಚಿತ್ರ ಸಪ್ಪಳ ಮಾಡುತ್ತಿದ್ದರು. ತಿರುಗಿ ನೋಡಿ ತಡೆಯಬೇಕೆನಿಸಿದರೂ ತೆರೇಸಾ ಬೆವರುತ್ತಲೇ ಸಹಿಸಿದರು. ಕೊನೆಗೆ ಆ ಸಪ್ಪಳವನ್ನೇ ಇಂಪಾದ ಸಂಗೀತವೆಂಬಂತೆ ಆಲಿಸಿ ಯೇಸುವಿಗೆ ಅರ್ಪಿಸಿದರು. ನಡೆಯಲಾರದ, ಸುಲಭವಾಗಿ ಮೆಚ್ಚದ ವೃದ್ಧ ಭಗಿನಿಯೊಬ್ಬರನ್ನು ಪ್ರತಿ ಸಂಜೆ ಭೋಜನಶಾಲೆಗೆ ಕರೆದೊಯ್ಯುವ ಕೆಲಸವನ್ನು ತಾವೇ ಕೇಳಿ ಪಡೆದರು. ಚಳಿಗಾಲದ ಒಂದು ಸಂಜೆ ದೀಪಾಲಂಕೃತ ಶ್ರೀಮಂತ ಸಭಾಂಗಣವೊಂದು ಅವರ ಮನದಲ್ಲಿ ಸುಳಿಯಿತು. ಆದರೆ ಆ ಮಂದಬೆಳಕಿನ ಓಣಿಯಲ್ಲಿ ನರಳುತ್ತಿದ್ದ ವೃದ್ಧೆಯ ಕೈಹಿಡಿದು ನಡೆಯುವ ಆನಂದಕ್ಕೆ ಲೋಕದ ಯಾವ ಉತ್ಸವವೂ ಸಾಟಿಯಲ್ಲವೆಂದು ಅವರಿಗೆ ತೋರಿತು.

1896ರಲ್ಲಿ ಕ್ಷಯರೋಗ ತಲೆದೋರಿತು. ಅದೇ ವರ್ಷದ ಪಾಸ್ಖಕಾಲದಲ್ಲಿ ಅವರ ಆತ್ಮವನ್ನು ದಟ್ಟ ಕತ್ತಲೆ ಆವರಿಸಿತು; ಸ್ವರ್ಗದ ಯೋಚನೆಯೂ ನೆಮ್ಮದಿ ಕೊಡದಾಯಿತು. ಭಾವನೆಗಳು ಬತ್ತಿದರೂ ಅವರು ವಿಶ್ವಾಸವನ್ನು ಬಿಡಲಿಲ್ಲ. ಸಹಭಗಿನಿಯರಿಗೆ ಮುಗುಳ್ನಗೆಯನ್ನೇ ನೀಡಿದರು. ಶಾಂತಿಯೆಂದರೆ ಹಿತವಾದ ಭಾವನೆಯಲ್ಲ, ದೇವರ ಮೇಲಿಟ್ಟ ಭರವಸೆ ಎಂಬುದಕ್ಕೆ ಈ ದಿನಗಳೇ ಸಾಕ್ಷಿ. 1897ರ ಸೆಪ್ಟೆಂಬರ್ 30ರಂದು, 24ರ ಹರೆಯದಲ್ಲಿ ಅವರು ಪ್ರಭುವಿನಲ್ಲಿ ಐಕ್ಯರಾದರು. ಧರ್ಮಸಭೆ ಅವರಿಗೆ 1925ರಲ್ಲಿ ಸಂತ ಪದವಿಯನ್ನು ನೀಡಿತು. 1997ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ತೆರೇಸಾರನ್ನು ಧರ್ಮಸಭೆಯ ಪಂಡಿತೆಯೆಂದು ಘೋಷಿಸಿದರು. ಅಂದು ದಣಿದು ಬೇಸರಿಸಿದ ತಂದೆ ಲೂಯಿ ಕೂಡ ಪತ್ನಿ ಜೆಲಿಯೊಂದಿಗೆ 2015ರಲ್ಲಿ ಸಂತರ ಸಾಲಿಗೆ ಸೇರಿದರೆಂಬುದು ಎಲ್ಲ ತಂದೆತಾಯಂದಿರಿಗೆ ಸಮಾಧಾನದ ಮಾತು.

ಪ್ರಿಯ ಓದುಗರೇ, ಈ ಹಬ್ಬದಲ್ಲಿಯೂ ನಮ್ಮ ಮನೆಗಳಲ್ಲಿ ಯಾರಾದರೂ ದಣಿದಿರುತ್ತಾರೆ, ಯಾರಾದರೂ ಒರಟಾಗಿ ನುಡಿಯುತ್ತಾರೆ. ಆಗ ನೋವನ್ನು ಎಣಿಸುತ್ತಾ ಮೆಟ್ಟಿಲ ಮೇಲೆಯೇ ನಿಲ್ಲುವುದು ಸುಲಭ. ಒಂದು ಕ್ಷಣ ಮೌನವಾಗಿ ಪ್ರಾರ್ಥಿಸಿ, ನಗುಮೊಗದಿಂದ ಕೆಳಗಿಳಿದು ಬರುವ ಬಲವನ್ನು ಗೋದಲಿಯಲ್ಲಿ ಮಲಗಿರುವ ಕಂದನಲ್ಲಿ ಬೇಡಿಕೊಳ್ಳೋಣ. ನಮಗಾಗಿ ದುರ್ಬಲ ಶಿಶುವಾಗಿ ಬಂದ ಪ್ರಭು, ನಮ್ಮ ದೌರ್ಬಲ್ಯಕ್ಕೆ ಬಲವನ್ನೂ ಮನೆಗೆ ಶಾಂತಿಯನ್ನೂ ದಯಪಾಲಿಸಲಿ.