ಗುರುವರ್ಯ ಟಿ. ಎಸ್. ವೆಂಕಣ್ಣಯ್ಯ

ಬರೆದ ಗ್ರಂಥಗಳಿಂದ ಕೀರ್ತಿಶಾಲಿಗಳಾದವರು ಹಲವರು. ಬೆಳೆಸಿದ ಶಿಷ್ಯರಿಂದ ಚಿರಸ್ಮರಣೀಯರಾದವರು ಕೆಲವರು. ಈ ಎರಡನೆಯ ಪಂಕ್ತಿಗೆ ಸೇರಿದವರು ತಳುಕಿನ ವೆಂಕಣ್ಣಯ್ಯನವರು. ಅವರು ಸ್ವಂತವಾಗಿ ಬರೆದುದು ಸ್ವಲ್ಪವೇ. ಆದರೂ ಆಧುನಿಕ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಅವರ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ವೆಂಕಣ್ಣಯ್ಯನವರು 1885ರಲ್ಲಿ ಜನಿಸಿದರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ತಳುಕು ಅವರ ಊರು. ಮಳೆ ಕಡಮೆಯಾದ ಆ ಬಯಲುಸೀಮೆಯಿಂದ ಬಂದ ಈ ನೀಳಕಾಯದ ವಿದ್ವಾಂಸರು ಎಲ್ಲಿ ನಿಂತರೂ ಎದ್ದು ಕಾಣುತ್ತಿದ್ದರು. ಮಾತು ಮಾತ್ರ ಮೃದು, ನಡತೆ ಸರಳ. ಅಧ್ಯಾಪಕರಾಗಿ ಬೆಂಗಳೂರಿನಲ್ಲಿದ್ದ ದಿನಗಳಲ್ಲಿ ಅವರಿಗೆ ಎ. ಆರ್. ಕೃಷ್ಣಶಾಸ್ತ್ರಿಗಳ ಸ್ನೇಹ ಒದಗಿತು. ಇಬ್ಬರೂ ಕೂಡಿ ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಕನ್ನಡಕ್ಕೆ ತಂದರು. ಸದಾ ಜೊತೆಯಾಗಿ ದುಡಿಯುತ್ತಿದ್ದ ಈ ಗೆಳೆಯರನ್ನು ಜನರು ಕನ್ನಡದ ಅಶ್ವಿನೀದೇವತೆಗಳೆಂದು ಕರೆದರು.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದುದು 1916ರಲ್ಲಿ. ಕನ್ನಡನಾಡಿನಲ್ಲಿಯೇ ಇದ್ದರೂ ಅಲ್ಲಿ ಎಂ. ಎ. ತರಗತಿಯಲ್ಲಿ ಕನ್ನಡಕ್ಕೆ ಬಹುಕಾಲ ಸ್ಥಾನವಿರಲಿಲ್ಲ. ಬಿ. ಎಂ. ಶ್ರೀಕಂಠಯ್ಯನವರೇ ಮೊದಲಾದವರ ಪ್ರಯತ್ನದಿಂದ 1927ರಲ್ಲಿ ಆ ತರಗತಿ ಆರಂಭವಾಯಿತು. ಆಗ ಸಂದೇಹಪಟ್ಟವರು ಅನೇಕರು. ಮನೆಯಲ್ಲಿ ಆಡುವ ನುಡಿಯನ್ನು ವಿಶ್ವವಿದ್ಯಾನಿಲಯದಲ್ಲಿ ಕಲಿಯುವುದೇನಿದೆ? ಕಲಿತವರಿಗೆ ಉದ್ಯೋಗ ಕೊಡುವವರಾರು? ಇಂಗ್ಲಿಷಿಗೆ ಎಲ್ಲ ಗೌರವವೂ ಸಲ್ಲುತ್ತಿದ್ದ ಆ ಕಾಲದಲ್ಲಿ ಇವು ಸುಲಭವಾಗಿ ತಳ್ಳಿಹಾಕಬಹುದಾದ ಪ್ರಶ್ನೆಗಳಾಗಿರಲಿಲ್ಲ. ಮೊದಲ ತಂಡದ ವಿದ್ಯಾರ್ಥಿಗಳು ಸೋತರೆ ಕನ್ನಡವೇ ಸೋತಂತೆ ಆಗುತ್ತಿತ್ತು. ಆ ಭಾರವನ್ನು ಹೊತ್ತವರಲ್ಲಿ ವೆಂಕಣ್ಣಯ್ಯನವರು ಪ್ರಮುಖರು.

ಮೊದಲ ತಂಡದಲ್ಲಿ ಕೆ. ವಿ. ಪುಟ್ಟಪ್ಪನವರಿದ್ದರು, ಡಿ. ಎಲ್. ನರಸಿಂಹಾಚಾರ್ಯರಿದ್ದರು. ತತ್ತ್ವಶಾಸ್ತ್ರದತ್ತ ಒಲಿದಿದ್ದ ಪುಟ್ಟಪ್ಪನವರನ್ನು ಕನ್ನಡದ ಕಡೆಗೆ ತಿರುಗಿಸಿದವರು ವೆಂಕಣ್ಣಯ್ಯನವರೇ. ಆಗ ಹಳಗನ್ನಡದ ಎಷ್ಟೋ ಕಾವ್ಯಗಳು ಓಲೆಗರಿಗಳಲ್ಲಿಯೇ ಉಳಿದಿದ್ದವು. ಅಚ್ಚಾದವುಗಳಲ್ಲಿಯೂ ತಪ್ಪುಗಳು ಹೇರಳವಾಗಿದ್ದವು. ಹೀಗಾಗಿ ಗುರುವು ಹೇಳುವುದು, ಶಿಷ್ಯರು ಬರೆದುಕೊಳ್ಳುವುದು, ಇಷ್ಟರಿಂದ ಪಾಠ ಮುಗಿಯುತ್ತಿರಲಿಲ್ಲ. ಒಂದು ಪದದ ಅರ್ಥಕ್ಕಾಗಿ, ಒಂದು ಪಾಠಾಂತರದ ನಿರ್ಣಯಕ್ಕಾಗಿ ಗುರುಶಿಷ್ಯರು ಒಟ್ಟಿಗೆ ಕುಳಿತು ಶ್ರಮಿಸಬೇಕಾಗಿತ್ತು.

ಆ ಸಣ್ಣ ತರಗತಿ ಕ್ರಮೇಣ ಒಂದು ಕುಟುಂಬದಂತಾಯಿತು. ಮಹಾರಾಜಾ ಕಾಲೇಜಿನ ಕೊಠಡಿಯಲ್ಲಿ ಎದ್ದ ಚರ್ಚೆ ಗುರುಗಳ ಮನೆಯಲ್ಲಿ ಮುಂದುವರಿಯುತ್ತಿತ್ತು. ಪುಟ್ಟಪ್ಪನವರು ಮೈಸೂರಿನ ಶ್ರೀರಾಮಕೃಷ್ಣಾಶ್ರಮದಲ್ಲಿ ವಾಸವಾಗಿದ್ದರು. ಪರಮಹಂಸರ ಭಕ್ತರಾದ ವೆಂಕಣ್ಣಯ್ಯನವರಿಗೂ ಆ ಆಶ್ರಮ ಆಪ್ತವಾದ ತಾಣ. ಕರ್ಣಾಟಕ ಸಂಘದ ಸಭೆಗಳಲ್ಲಿ ತರುಣರು ತಮ್ಮ ಹೊಸ ಕವಿತೆಗಳನ್ನು ಓದುತ್ತಿದ್ದರು. ಗುರುಗಳು ಅಲ್ಲಿ ತೀರ್ಪುಗಾರರಾಗಿರದೆ ಸಹೃದಯರಾಗಿ ಕುಳಿತು ಕೇಳುತ್ತಿದ್ದರು. ಬಡ ವಿದ್ಯಾರ್ಥಿಗಳ ಕಷ್ಟ ಅವರ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ. ಶುಲ್ಕ ತೆರಲಾರದವನಿಗೆ ತಮ್ಮ ಸಂಬಳದಿಂದ ಹಣ ಕೊಟ್ಟು, ಕೊಟ್ಟುದನ್ನು ಮರೆತುಬಿಡುವುದು ಅವರ ಸ್ವಭಾವ. ಪಡೆದವನು ತಲೆತಗ್ಗಿಸಬೇಕಾಗದಂತೆ ಕೊಡುವ ಕಲೆಯನ್ನು ಅವರು ಬಲ್ಲವರಾಗಿದ್ದರು.

ಇಷ್ಟು ದೊಡ್ಡ ವಿದ್ವಾಂಸರು ಇನ್ನೂ ಹೆಚ್ಚು ಬರೆಯಬಹುದಿತ್ತೆಂದು ಕೊರಗುವವರುಂಟು. ಕೃಷ್ಣಶಾಸ್ತ್ರಿಗಳೊಡನೆ ಅವರು ಸಂಪಾದಿಸಿದ ಹರಿಶ್ಚಂದ್ರಕಾವ್ಯ ಸಂಗ್ರಹ, ಬಂಗಾಳಿಯಿಂದ ಅನುವಾದಿಸಿದ ರವೀಂದ್ರನಾಥ ಠಾಕೂರರ ಪ್ರಾಚೀನ ಸಾಹಿತ್ಯ ಇವುಗಳನ್ನು ನೋಡಿದವರಿಗೆ ಆ ಕೊರಗು ಸಹಜವೆನಿಸುತ್ತದೆ. ಸ್ವಂತ ಕೃತಿರಚನೆಗೆ ಮೀಸಲಿಡಬಹುದಾಗಿದ್ದ ಹೊತ್ತನ್ನು ಅವರು ಬಾಗಿಲಿಗೆ ಬಂದ ವಿದ್ಯಾರ್ಥಿಗಳಿಗೆ ಕೊಟ್ಟರು. ಇದರಿಂದ ನಷ್ಟವಾಗಲಿಲ್ಲವೆಂದು ಹೇಳುವಂತಿಲ್ಲ. ಆದರೆ ಲಾಭವೇನೆಂಬುದನ್ನು ಕಾಲವೇ ತೋರಿಸಿತು.

1939ರಲ್ಲಿ ವೆಂಕಣ್ಣಯ್ಯನವರು ನಿಧನರಾದರು. ಅವರ ಶಿಷ್ಯ ನರಸಿಂಹಾಚಾರ್ಯರು ಹಳಗನ್ನಡ ಗ್ರಂಥಸಂಪಾದನೆಯಲ್ಲಿ ಅಗ್ರಗಣ್ಯರಾದರು. ಪುಟ್ಟಪ್ಪನವರು ಕುವೆಂಪು ಎಂಬ ಹೆಸರಿನಿಂದ ನಾಡಿಗೆಲ್ಲ ಪರಿಚಿತರಾದರು. 1956ರಲ್ಲಿ ಅವರು ಅದೇ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿಯನ್ನು ತಂದುಕೊಟ್ಟ ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು ಅವರು ಅರ್ಪಿಸಿದುದು ಅರಸರಿಗಲ್ಲ, ಅಧಿಕಾರಿಗಳಿಗಲ್ಲ. ದಿವಂಗತರಾಗಿದ್ದ ತಮ್ಮ ಗುರು ವೆಂಕಣ್ಣಯ್ಯನವರಿಗೆ.

ಬೇರು ಮಣ್ಣಿನಲ್ಲಿ ಅಡಗಿರುತ್ತದೆ. ಫಲವು ಕೊಂಬೆಯಲ್ಲಿ ಕಾಣುತ್ತದೆ. ಕನ್ನಡವನ್ನು ಉನ್ನತ ವ್ಯಾಸಂಗಕ್ಕೆ ಆರಿಸಿಕೊಳ್ಳುವವರನ್ನು ಇಂದು ಯಾರೂ ಅಚ್ಚರಿಯಿಂದ ನೋಡುವುದಿಲ್ಲ. ಆ ದಾರಿಯನ್ನು ಸವೆಸಿದವರಲ್ಲಿ, ತಾವು ಮುಂದೆ ನಡೆಯುವುದಕ್ಕಿಂತ ಹಿಂದೆ ಬರುವವರ ಕೈಹಿಡಿಯುವುದೇ ಹಿರಿದೆಂದು ಬಗೆದ ಗುರುವೊಬ್ಬರಿದ್ದರೆಂಬುದು ನಮ್ಮ ನೆನಪಿನಲ್ಲಿರಬೇಕು.