ಕೆಂಪು ಕಾಣದ ಮೇಷ್ಟ್ರು: ಜಾನ್ ಡಾಲ್ಟನ್

ಅಭ್ಯಾಸ ಬೋಧನೆಯ ಎರಡನೇ ವಾರ. ಒಂಬತ್ತನೇ ತರಗತಿಯ ಪರಮಾಣುಗಳು ಮತ್ತು ಅಣುಗಳು ಪಾಠ ನನ್ನ ಪಾಲಿಗೆ ಬಂದಿತ್ತು. ಪಾಠಯೋಜನೆಯಲ್ಲಿ ಜಾನ್ ಡಾಲ್ಟನ್ ಅವರಿಗೆ ನಾನು ಕೊಟ್ಟಿದ್ದು ಎರಡೇ ನಿಮಿಷ: ಜನನ 1766, ಮರಣ 1844, ವೃತ್ತಿ ಶಿಕ್ಷಕ. ಉಳಿದ ಸಮಯವೆಲ್ಲ ನನ್ನ ಚಾರ್ಟಿಗೆ ಮೀಸಲು. ರಾತ್ರಿ ಒಂದು ಗಂಟೆಯವರೆಗೆ ಕೂತು ಮಾಡಿದ್ದೆ. ಆಕ್ಸಿಜನ್‌ಗೆ ಕೆಂಪು ವೃತ್ತ, ಹೈಡ್ರೋಜನ್‌ಗೆ ಹಸಿರು ವೃತ್ತ, ಎಲ್ಲವೂ ಒಂದೇ ಅಳತೆ.

ನೀರಿನ ಅಣುವನ್ನು ತೋರಿಸಿ, ಕೆಂಪು ವೃತ್ತ ಎಷ್ಟಿವೆ ಎಂದು ಮೂರನೇ ಬೆಂಚಿನ ಹುಡುಗನನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ನೋಡಿ ಮೂರು ಎಂದ. ತರಗತಿ ನಕ್ಕಿತು. ನಾನು, ಪಾಠದ ಕಡೆ ಗಮನ ಇರಲಿ ಎಂದು ಹೇಳಿ ಪಕ್ಕದವಳನ್ನು ಎಬ್ಬಿಸಿದೆ. ಅವನು ಆ ಅವಧಿ ಮುಗಿಯುವವರೆಗೆ ತಲೆ ಎತ್ತಲಿಲ್ಲ.

ಆ ದಿನದ ವೀಕ್ಷಣಾ ಪುಸ್ತಕದಲ್ಲಿ ಚಾರ್ಟ್ ಆಕರ್ಷಕವಾಗಿದೆ, ವಿಜ್ಞಾನಿಯ ಪರಿಚಯ ಒಣಗಿದೆ ಎಂಬ ಎರಡು ಟಿಪ್ಪಣಿ ಇದ್ದವು. ಎರಡನೆಯದನ್ನು ಸರಿಪಡಿಸಲು ಡಾಲ್ಟನ್ ಅವರ ಜೀವನ ಓದತೊಡಗಿದೆ. ಓದುತ್ತಾ ಹೋದಂತೆ ಮೊದಲನೆಯ ಟಿಪ್ಪಣಿಯೇ ನನ್ನನ್ನು ಚುಚ್ಚತೊಡಗಿತು.

ಡಾಲ್ಟನ್ ಹುಟ್ಟಿದ್ದು ಇಂಗ್ಲೆಂಡಿನ ವಾಯುವ್ಯ ಮೂಲೆಯ ಕಂಬರ್ಲೆಂಡಿನಲ್ಲಿ, ಈಗಲ್ಸ್‌ಫೀಲ್ಡ್ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ನೇಕಾರರು. ಮನೆಯವರು ಕ್ವೇಕರ್ ಪಂಥಕ್ಕೆ ಸೇರಿದವರು. ಈ ಪಂಥ ಅರ್ಥವಾಗದೆ ಡಾಲ್ಟನ್ ಅರ್ಥವಾಗುವುದಿಲ್ಲ. ಹದಿನೇಳನೇ ಶತಮಾನದ ಮಧ್ಯದಲ್ಲಿ ಜಾರ್ಜ್ ಫಾಕ್ಸ್ ಎಂಬವರು ಇದನ್ನು ಆರಂಭಿಸಿದರು. ಅವರು ತಮ್ಮನ್ನು ಸ್ನೇಹಿತರ ಸಮಾಜ ಎಂದು ಕರೆದುಕೊಳ್ಳುತ್ತಾರೆ. ಕ್ವೇಕರ್, ಅಂದರೆ ನಡುಗುವವನು ಎಂಬುದು ಹೊರಗಿನವರು ಗೇಲಿಗೆ ಇಟ್ಟ ಹೆಸರು; ಅದೇ ಉಳಿಯಿತು. ಪ್ರತಿಯೊಬ್ಬ ಮನುಷ್ಯನೊಳಗೂ ದೇವರ ಬೆಳಕಿದೆ ಎಂಬುದು ಅವರ ಮೂಲ ನಂಬಿಕೆ. ಒಳಗೇ ಬೆಳಕಿರುವಾಗ ನಡುವೆ ಪುರೋಹಿತರು ಬೇಕಿಲ್ಲ. ಅವರ ಪ್ರಾರ್ಥನಾ ಸಭೆಯಲ್ಲಿ ಎಲ್ಲರೂ ಮೌನವಾಗಿ ಕೂರುತ್ತಾರೆ. ಯಾರಿಗೆ ಒಳಗಿನಿಂದ ಮಾತು ಬರುತ್ತದೋ ಅವರು, ಗಂಡಾಗಲಿ ಹೆಣ್ಣಾಗಲಿ, ಎದ್ದು ಮಾತನಾಡಬಹುದು. ಮಾತು ಬಾರದಿದ್ದರೆ ಮೌನದಲ್ಲೇ ಸಭೆ ಮುಗಿಯುತ್ತದೆ.

ಈ ನಂಬಿಕೆಯಿಂದಲೇ ಅವರ ಆಚಾರಗಳೂ ಬಂದವು. ದೊಡ್ಡವರೆದುರು ಟೋಪಿ ತೆಗೆಯುತ್ತಿರಲಿಲ್ಲ. ಅಂದಿನ ಇಂಗ್ಲಿಷಿನಲ್ಲೂ ನಮ್ಮ ನೀನು, ನೀವು ಎಂಬಂಥ ಭೇದವಿತ್ತು. ಕ್ವೇಕರರು ದೊರೆಯಿಂದ ಆಳಿನವರೆಗೆ ಎಲ್ಲರನ್ನೂ ನೀನು ಎಂದೇ ಕರೆದರು. ಸತ್ಯ ಹೇಳುವವನಿಗೆ ಪ್ರಮಾಣ ಏಕೆ ಎಂದು ನ್ಯಾಯಾಲಯದಲ್ಲಿ ಆಣೆ ಇಡಲು ಒಪ್ಪಲಿಲ್ಲ. ಯುದ್ಧ ಮಾಡಲು ಒಪ್ಪಲಿಲ್ಲ. ಬಟ್ಟೆ ಸಾದಾ, ಬಣ್ಣ ಬೂದು ಅಥವಾ ಕಂದು. ಇದಕ್ಕಾಗಿ ಮೊದಲ ತಲೆಮಾರಿನ ಸಾವಿರಾರು ಜನ ಜೈಲು ಕಂಡರು. 1689ರ ಸಹಿಷ್ಣುತಾ ಕಾಯ್ದೆಯ ನಂತರ ಜೈಲು ಕಡಿಮೆಯಾಯಿತು. ಆದರೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ಪದವಿ ಆಂಗ್ಲಿಕನ್ ಚರ್ಚಿಗೆ ಒಪ್ಪಿದವರಿಗೆ ಮಾತ್ರ. ಆದ್ದರಿಂದ ಕ್ವೇಕರರು ತಮ್ಮದೇ ಶಾಲೆಗಳನ್ನು ಕಟ್ಟಿಕೊಂಡರು.

ಅಂಥ ಒಂದು ಶಾಲೆಯಲ್ಲಿ ಡಾಲ್ಟನ್ ಓದಿದರು. ಎಲಿಹು ರಾಬಿನ್‌ಸನ್ ಎಂಬ ಊರಿನ ಕ್ವೇಕರ್ ಹಿರಿಯರು ಹುಡುಗನಿಗೆ ಗಣಿತ ಹೇಳಿಕೊಟ್ಟು ಹವಾಮಾನದ ರುಚಿ ಹತ್ತಿಸಿದರು. ಹನ್ನೆರಡನೇ ವಯಸ್ಸಿಗೇ ಡಾಲ್ಟನ್ ಊರಿನಲ್ಲಿ ಮಕ್ಕಳಿಗೆ ಪಾಠ ಹೇಳಲು ನಿಂತರು. ನಮಗೆ ಸೂಕ್ಷ್ಮ ಬೋಧನೆಯಲ್ಲಿ ಸಹಪಾಠಿಗಳ ಎದುರು ನಿಂತಾಗಲೇ ಕಾಲು ನಡುಗಿತ್ತು. ಅವರೆದುರು ಕೂತವರಲ್ಲಿ ಅವರಿಗಿಂತ ದೊಡ್ಡ ಹುಡುಗರೂ ಇದ್ದರು. 1781ರಲ್ಲಿ ಕೆಂಡಲ್ ಪಟ್ಟಣದ ಕ್ವೇಕರ್ ಶಾಲೆಗೆ ಸಹಾಯಕರಾಗಿ ಹೋದರು. ನಾಲ್ಕು ವರ್ಷಗಳ ನಂತರ ಅಣ್ಣ ಜೊನಾಥನ್ ಜೊತೆ ಸೇರಿ ಆ ಶಾಲೆಯನ್ನೇ ನಡೆಸಿದರು.

ಕೆಂಡಲ್‌ನಲ್ಲಿ ಅವರಿಗೆ ಸಿಕ್ಕ ಗುರು ಜಾನ್ ಗಾಫ್. ಮಗುವಾಗಿದ್ದಾಗಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡವರು. ಅವರು ಡಾಲ್ಟನ್‌ಗೆ ಗಣಿತ, ಲ್ಯಾಟಿನ್, ಗ್ರೀಕ್ ಕಲಿಸಿ, ಪ್ರತಿದಿನ ಹವಾಮಾನ ಬರೆದಿಡುವ ಅಭ್ಯಾಸ ಹಚ್ಚಿದರು. 1787ರ ಮಾರ್ಚ್ 24ರಂದು ಡಾಲ್ಟನ್ ಆ ದಿನಚರಿ ಆರಂಭಿಸಿದರು. ಅದನ್ನು 57 ವರ್ಷ ಬಿಡಲಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ದಾಖಲೆಗಳಾದವು.

1793ರಲ್ಲಿ ಮ್ಯಾಂಚೆಸ್ಟರಿಗೆ ಹೋದರು. ಆಂಗ್ಲಿಕನ್ ಚರ್ಚಿಗೆ ಸೇರದವರಿಗಾಗಿ ಅಲ್ಲಿದ್ದ ನ್ಯೂ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನ ಕಲಿಸಿದರು. ಅದಕ್ಕೂ ಒಂದು ವರ್ಷ ಮೊದಲು ಒಂದು ಘಟನೆ ನಡೆದಿತ್ತು. ಹಗಲಲ್ಲಿ ನೀಲಿಯಾಗಿ ಕಂಡಿದ್ದ ಜೆರೇನಿಯಂ ಹೂವು ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಅವರಿಗೆ ಬೇರೆಯೇ ಬಣ್ಣವಾಗಿ ಕಂಡಿತು. ಸುತ್ತಲಿದ್ದವರನ್ನು ಕೇಳಿದರು. ಯಾರಿಗೂ ಅಂಥ ಬದಲಾವಣೆ ಕಾಣಲಿಲ್ಲ, ಅವರ ಅಣ್ಣನಿಗೆ ಹೊರತು. ತಾವಿಬ್ಬರೂ ನೋಡುವ ಲೋಕ ಬೇರೆಯವರದ್ದಲ್ಲ ಎಂಬುದು ಇಪ್ಪತ್ತಾರನೇ ವಯಸ್ಸಿನಲ್ಲಿ ಅವರಿಗೆ ತಿಳಿಯಿತು. 1794ರಲ್ಲಿ ಮ್ಯಾಂಚೆಸ್ಟರಿನ ಸಾಹಿತ್ಯ ಮತ್ತು ತಾತ್ತ್ವಿಕ ಸಂಘದಲ್ಲಿ ಅವರು ಓದಿದ ಪ್ರಬಂಧ ಇದೇ ವಿಷಯದ್ದು. ಇಂದಿಗೂ ಹಲವು ಭಾಷೆಗಳಲ್ಲಿ ಬಣ್ಣಗುರುಡಿಗೆ ಡಾಲ್ಟನಿಸಂ ಎಂಬ ಹೆಸರಿದೆ.

ಇಲ್ಲಿಗೆ ಬಂದಾಗ ಪುಸ್ತಕ ಮಡಚಿಟ್ಟೆ. ಕೆಂಪು, ಹಸಿರು ಬೇರೆ ಮಾಡಿ ನೋಡಲಾರದ ಕಣ್ಣಿಗೆ ನನ್ನ ಚಾರ್ಟಿನ ನೀರಿನಲ್ಲಿ ಏನು ಕಾಣುತ್ತದೆ? ಒಂದೇ ಥರದ ಮೂರು ವೃತ್ತ. ಹುಡುಗ ಹೇಳಿದ್ದೂ ಅದನ್ನೇ.

ಮತ್ತೆ ಓದಿದೆ. ಹವೆಯ ಅಧ್ಯಯನವೇ ಡಾಲ್ಟನ್ ಅವರನ್ನು ಪರಮಾಣುವಿನತ್ತ ಕರೆದೊಯ್ದಿತು. ಅನಿಲಗಳು ಹೇಗೆ ಬೆರೆಯುತ್ತವೆ, ನೀರಿನಲ್ಲಿ ಎಷ್ಟು ಕರಗುತ್ತವೆ ಎಂದು ಯೋಚಿಸುತ್ತಾ, 1803ರಲ್ಲಿ ಪರಮಾಣುಗಳ ಸಾಪೇಕ್ಷ ತೂಕದ ಮೊದಲ ಪಟ್ಟಿ ಮಾಡಿದರು. 1808ರಲ್ಲಿ ಸಿದ್ಧಾಂತ ಪುಸ್ತಕವಾಗಿ ಬಂತು. ಅದರಲ್ಲಿ ಪ್ರತಿ ಧಾತುವಿಗೂ ಒಂದು ವೃತ್ತ. ಹೈಡ್ರೋಜನ್‌ಗೆ ನಡುವೆ ಚುಕ್ಕಿ, ಆಕ್ಸಿಜನ್‌ಗೆ ಖಾಲಿ ವೃತ್ತ, ಕಾರ್ಬನ್‌ಗೆ ಪೂರ್ತಿ ಕಪ್ಪು, ನೈಟ್ರೋಜನ್‌ಗೆ ಒಂದು ಗೆರೆ. ಎಲ್ಲವೂ ಕಪ್ಪುಬಿಳುಪು, ಬಣ್ಣ ಕಾಣದವರೂ ಓದಬಹುದು.

ಇನ್ನೊಂದು ಸಂಗತಿಯನ್ನೂ ಮಕ್ಕಳಿಗೆ ಹೇಳಬೇಕು ಎನಿಸಿತು. ಡಾಲ್ಟನ್ ನೀರನ್ನು ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಎಂದೇ ಎಣಿಸಿದ್ದರು. ಹಾಗಾಗಿ ಆಕ್ಸಿಜನ್ನಿನ ತೂಕ ಅವರ 1808ರ ಪಟ್ಟಿಯಲ್ಲಿ 16ರ ಬದಲು 7 ಎಂದಿದೆ. ನೀರಿನ ಅಣುವನ್ನು ತಪ್ಪಾಗಿ ಎಣಿಸಿದವರಲ್ಲಿ ನನ್ನ ವಿದ್ಯಾರ್ಥಿ ಮೊದಲಿಗನಲ್ಲ.

ಹೆಸರು ಬಂದ ಮೇಲೂ ಡಾಲ್ಟನ್ ಮೇಷ್ಟ್ರಾಗಿಯೇ ಉಳಿದರು. 1800ರಲ್ಲಿ ಕಾಲೇಜು ಬಿಟ್ಟು ಖಾಸಗಿ ಪಾಠ ಹೇಳಿ ಬದುಕಿದರು. ಮುಂದೆ ಶಕ್ತಿಯ ಅಳತೆಗೆ ಯಾರ ಹೆಸರು ಬಂತೋ ಆ ಜೇಮ್ಸ್ ಜೌಲ್ ಅವರ ಶಿಷ್ಯ. ಮದುವೆಯಾಗಲಿಲ್ಲ. ಒಮ್ಮೆ ಪದವಿಯ ಬಾಗಿಲನ್ನೇ ಮುಚ್ಚಿದ್ದ ಆಕ್ಸ್‌ಫರ್ಡ್ 1832ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 1834ರಲ್ಲಿ ದೊರೆ ನಾಲ್ಕನೇ ವಿಲಿಯಂ ಅವರನ್ನು ಕಾಣುವ ಸಂದರ್ಭ ಬಂತು. ದರ್ಬಾರಿನ ಉಡುಪಿಗೆ ಕತ್ತಿ ಕಡ್ಡಾಯ. ಕ್ವೇಕರ್ ಕತ್ತಿ ಕಟ್ಟುವಂತಿಲ್ಲ. ಬದಲಿಗೆ ಡಾಕ್ಟರೇಟ್ ನಿಲುವಂಗಿ ತೊಟ್ಟು ಹೋದರು. ಅದು ಕಡುಗೆಂಪು, ಸಾದಾ ಬಟ್ಟೆಯ ಪಂಥಕ್ಕೆ ಸಲ್ಲದ ಬಣ್ಣ. ಆದರೆ ಅವರ ಕಣ್ಣಿಗೆ ಅದು ಕೆಂಪಾಗಿ ಕಾಣಲೇ ಇಲ್ಲ.

1844ರ ಜುಲೈ 27ರಂದು ತೀರಿಕೊಂಡರು. ಹಿಂದಿನ ದಿನವೂ ನಡುಗುವ ಕೈಯಲ್ಲಿ ಹವಾಮಾನ ಬರೆದಿದ್ದರು. ಅಂತಿಮ ದರ್ಶನಕ್ಕೆ ಸುಮಾರು 40,000 ಜನ ಬಂದರು. ಆಡಂಬರ ಒಲ್ಲದ ಕ್ವೇಕರರಿಗೆ ಅದು ಇಷ್ಟವಾಗಲಿಲ್ಲ. ತನ್ನ ಕಣ್ಣಿನೊಳಗಿನ ದ್ರವ ನೀಲಿಯಿರಬೇಕು ಎಂಬುದು ಅವರ ಊಹೆ. ಸತ್ತ ಮೇಲೆ ತೆಗೆದು ನೋಡಿ ಎಂದು ಹೇಳಿಟ್ಟಿದ್ದರು. ವೈದ್ಯರು ನೋಡಿದಾಗ ದ್ರವ ತಿಳಿಯಾಗಿತ್ತು, ಊಹೆ ತಪ್ಪಾಗಿತ್ತು. ಕಾಪಿಟ್ಟಿದ್ದ ಆ ಕಣ್ಣಿನ ಡಿಎನ್ಎ ಪರೀಕ್ಷೆ 1995ರಲ್ಲಿ ನಡೆಯಿತು. ಹಸಿರು ಬೆಳಕನ್ನು ಹೆಚ್ಚಾಗಿ ಗ್ರಹಿಸುವ ಶಂಕುಕೋಶಗಳ ವರ್ಣದ್ರವ್ಯ ಅವರಲ್ಲಿರಲಿಲ್ಲ ಎಂದು ತಿಳಿಯಿತು. ಅದರ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಆದ್ದರಿಂದಲೇ ಈ ತೊಂದರೆ ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಇದನ್ನು ನಾನು ಬಿ.ಎಸ್ಸಿ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ತರಗತಿಯಲ್ಲಿ ಅದು ನೆನಪಾಗಲಿಲ್ಲ.

ಮುಂದಿನ ಸೋಮವಾರ ಹೊಸ ಚಾರ್ಟ್ ಒಯ್ದೆ. ಕಪ್ಪು ಸ್ಕೆಚ್ ಪೆನ್ನಿನಲ್ಲಿ ಡಾಲ್ಟನ್ ಅವರ ವೃತ್ತಗಳು, ಪಕ್ಕದಲ್ಲಿ ಇಂದಿನ ಸಂಕೇತಗಳು. ಮೊದಲು ಜೆರೇನಿಯಂ ಹೂವಿನ ಕಥೆ ಹೇಳಿದೆ. ಹಿಂದಿನ ಚಾರ್ಟನ್ನು ಎಲ್ಲರಿಗೂ ಓದಲಾಗುವಂತೆ ಮಾಡಿರಲಿಲ್ಲ, ತಪ್ಪು ನನ್ನದು ಎಂದು ಇಡೀ ತರಗತಿಗೆ ಹೇಳಿದೆ. ಯಾರ ಹೆಸರನ್ನೂ ಎತ್ತಲಿಲ್ಲ. ಆಮೇಲೆ ನೀರಿನ ಅಣುವಿನ ಪ್ರಶ್ನೆ ಕೇಳಿ, ಮೌನವಾಗಿ ಕಾದೆ. ಕಾಯುವುದು ಕಷ್ಟವಾಯಿತು. ನಾಲ್ಕು ಕೈ ಎದ್ದವು, ಮೂರನೇ ಬೆಂಚಿನದು ಏಳಲಿಲ್ಲ.

ಅವಧಿ ಮುಗಿದ ಮೇಲೆ ಅವನು ಚಾರ್ಟಿನ ಹತ್ತಿರ ಬಂದು ನಿಂತ. ನಾನು ಮೊದಲು ಆ ದಿನ ಗದರಿಸಿದ್ದಕ್ಕೆ ಕ್ಷಮೆ ಕೇಳಿದೆ. ಅವನು ಅದಕ್ಕೇನೂ ಹೇಳಲಿಲ್ಲ. ಡಾಲ್ಟನ್ ಅವರ ಅಣ್ಣನೂ ಮೇಷ್ಟ್ರಾಗಿದ್ದರಾ ಎಂದು ಕೇಳಿದ. ಹೌದು, ಇಬ್ಬರೂ ಸೇರಿ ಶಾಲೆ ನಡೆಸಿದರು ಎಂದೆ. ತನ್ನ ಸೋದರಮಾವನಿಗೂ ಮಾಗಿದ ಟೊಮೆಟೊ ಗೊತ್ತಾಗುವುದಿಲ್ಲ ಎಂದು ಹೇಳಿ ಹೊರಗೆ ಓಡಿದ. ಅವನಿಗೆ ಕಣ್ಣಿನ ತಪಾಸಣೆ ಆಗಬೇಕೆಂದು ತರಗತಿ ಶಿಕ್ಷಕಿಯವರಲ್ಲಿ ಕೇಳಿಕೊಂಡಿದ್ದೇನೆ. ಈಗ ನನ್ನ ಪಾಠಯೋಜನೆಯ ಬೋಧನೋಪಕರಣ ಎಂಬ ಕಾಲಂನ ಕೆಳಗೆ ಒಂದು ಸಾಲು ಸೇರಿದೆ: ಬಣ್ಣವಿಲ್ಲದೆ ಇದನ್ನು ಓದಬಹುದೇ?