ಪೇಟೆಂಟ್ ನಂಬರ್ 6469

ನಮ್ಮ ಕ್ಲಾಸಿನ ಗೋಡೆಪತ್ರಿಕೆಗೆ ಅಬ್ರಹಾಂ ಲಿಂಕನ್ ಬಗ್ಗೆ ಬರೆಯೋಣ ಅಂತ ಕೂತೆವು. ಗುಲಾಮಗಿರಿ, ಅಂತರ್ಯುದ್ಧ, 1865ರ ಹತ್ಯೆ, ಇಷ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಹುಡುಕುತ್ತಾ ಹೋದಂತೆ ಸಿಕ್ಕಿದ ಲಿಂಕನ್ನೇ ಬೇರೆ.

1809ರಲ್ಲಿ ಕೆಂಟಕಿಯಲ್ಲಿ ಹುಟ್ಟಿದ ಇವರು ಶಾಲೆಗೆ ಹೋದ ದಿನಗಳನ್ನೆಲ್ಲ ಕೂಡಿದರೂ ಒಂದು ವರ್ಷ ದಾಟುವುದಿಲ್ಲ. 1831ರಲ್ಲಿ ಇಲಿನಾಯ್ಸ್‌ನ ನ್ಯೂ ಸೇಲಂ ಹತ್ತಿರ ಇವರ ಸರಕಿನ ದೋಣಿ ನದಿಯ ಕಟ್ಟೆಯ ಮೇಲೆ ಸಿಕ್ಕಿಬಿತ್ತು. ಸರಕು ಇಳಿಸಿ, ದೋಣಿಯ ಮುಂದಿನ ತುದಿಗೆ ತೂತು ಕೊರೆದು, ಒಳಗೆ ತುಂಬಿದ್ದ ನೀರನ್ನು ಹೊರಬಿಟ್ಟು ದಾಟಿಸಿದರು.

ಅದೇ ಊರಲ್ಲಿ ಪಾಲುದಾರಿಕೆಯಲ್ಲಿ ಅಂಗಡಿ ಇಟ್ಟರು, ಮುಳುಗಿತು. ಹೊಟ್ಟೆಪಾಡಿಗೆ ಪುಸ್ತಕ ಓದಿ ಸರ್ವೇ ಕಲಿತರು. ಸಾಲಕ್ಕೆ ಆ ಸರ್ವೇ ಉಪಕರಣಗಳೂ ಕುದುರೆಯೂ ಹರಾಜಾದವು. ಗೆಳೆಯರೊಬ್ಬರು ಕೊಂಡು ವಾಪಸ್ ಕೊಟ್ಟರು. ಪಾಲುದಾರ ತೀರಿಕೊಂಡ ಮೇಲೆ ಅವನ ಸಾಲವನ್ನೂ ತಾವೇ ಹೊತ್ತು, ವರ್ಷಗಟ್ಟಲೆ ತೀರಿಸಿದರು.

ಆಮೇಲೆ ವಕೀಲರಾದರು, ಸಂಸತ್ತಿಗೂ ಹೋದರು. ದೋಣಿಯ ಸಮಸ್ಯೆ ಮಾತ್ರ ಬಿಡಲಿಲ್ಲ. ನೀರು ಕಡಿಮೆ ಇರುವಲ್ಲಿ ಸಿಕ್ಕಿಕೊಂಡ ಹಡಗಿನ ಎರಡೂ ಬದಿಯ ಗಾಳಿಚೀಲಗಳನ್ನು ಉಬ್ಬಿಸಿ ಅದನ್ನು ಮೇಲೆತ್ತುವ ಉಪಾಯಕ್ಕೆ 1849ರ ಮೇ 22ರಂದು ಪೇಟೆಂಟ್ ಸಿಕ್ಕಿತು. ಸ್ವಂತ ಪೇಟೆಂಟ್ ಇದ್ದ ಅಮೆರಿಕದ ಅಧ್ಯಕ್ಷರು ಇವರೊಬ್ಬರೇ. ಆದರೆ ಆ ಸಾಧನ ಮಾರುಕಟ್ಟೆಗೆ ಬರಲೇ ಇಲ್ಲ.

ಕೊನೆಗೆ ಗೋಡೆಪತ್ರಿಕೆಯಲ್ಲಿ ಅಧ್ಯಕ್ಷಗಿರಿಗೆ ಎರಡೇ ಸಾಲಿನ ಜಾಗ ಉಳೀತು. ಅಂಗಡಿ, ಸಾಲ, ಹರಾಜು ಇಷ್ಟನ್ನೂ ಪೂರ್ತಿ ಬರೆದೆವು. ಬರೆದ ನಾಲ್ವರಲ್ಲಿ ಮೂವರಿಗೆ ಬ್ಯಾಕ್ ಇದೆ. ಪರೀಕ್ಷೆ ಮುಂದಿನ ತಿಂಗಳು, ಓದೋಕೆ ಕೂತಿದ್ದೇವೆ.